ಲೈನಿನ ಮೇಲಿನ ಖಾಲಾ

“ಮುಂದಿನ ಐತ್ವಾರ ನೀ ಬಸ್ ಹತ್ತಬ್ಯಾಡ ಬೇಟಿ. ಬಂದ್ರೂ ನಾವು ಇಲ್ಲಿ ಇರಾಂಗಿಲ್ಲ.”

ಮಲಂಗಸಾಬರು ಇದನ್ನು ಗುಟ್ಟಿನ ಮಾತೆಂದೇ ಹೇಳಿದರು. ಆದರೆ ಅವರ ಗುಟ್ಟು ಎಂದರೆ, ಅತ್ತ ಬೇವಿನ ಗಿಡದ ಕೆಳಗೆ ಕೈ ಮೇಲೆತ್ತಿ ಉಸಿರು ಎಳೆಯುತ್ತಿದ್ದ ದೇವೀಂದ್ರಪ್ಪನವರಿಗೂ ಕೇಳುವಂಥದ್ದು. ಶಹಾಬಜಾರದ ಓಣಿಯಲ್ಲಿ ಜೀವಮಾನವಿಡೀ ತಗಡು ಬಡಿದು ಟ್ರಂಕು ಮಾಡಿದ ಮನುಷ್ಯ ಮಲಂಗಸಾಬರು. ಆ ಸಪ್ಪಳ ಅವರ ಎರಡೂ ಕಿವಿಗಳನ್ನು ಅರ್ಧ ತಿಂದುಹಾಕಿತ್ತು. ತಮಗೆ ಕೇಳಿಸದ್ದು ಊರಿಗೂ ಕೇಳಿಸುವುದಿಲ್ಲ ಎಂದು ಅವರ ನಂಬಿಕೆ.

“ಎಲ್ಲಿ ಹೊಂಟ್ರಿ ಸಾಬರ?” ಎಂದರು ದೇವೀಂದ್ರಪ್ಪ, ಎತ್ತಿದ ಕೈ ಎತ್ತಿದಂತೆಯೇ.

“ಎಲ್ಲೂ ಇಲ್ರೀ. ನೀವು ಮೊದಲ ಉಸುರು ಪೂರಾ ಎಳ್ಕೋರಿ. ಅರ್ಧಕ್ಕ ಬಿಟ್ರ ಹೊಟ್ಯಾಗ ಸಿಕ್ಕೊಂತದ.”

“ಹೊಟ್ಟಿ ನಂದು, ಕಾಳಜಿ ನಿಮಗ.”

“ಅಷ್ಟು ದೊಡ್ಡದು ಅದ, ಒಬ್ಬರ ಕಾಳಜಿ ಸಾಲಂಗಿಲ್ಲ.”

ದೇವೀಂದ್ರಪ್ಪ ನಕ್ಕರು, ಉಸಿರು ಅರ್ಧಕ್ಕೇ ಹೋಯಿತು. ಫರ್ಹೀನ್ ಮಾತ್ರ ನಗಲಿಲ್ಲ. ಅವಳು ನಡೆಯುವುದನ್ನೇ ನಿಲ್ಲಿಸಿದ್ದಳು. ಕೈಯಲ್ಲಿದ್ದ ಬಟ್ಟೆಯ ಚೀಲವನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದಿದ್ದಳು. ಅದರೊಳಗೆ ಕಮಲಾಪುರದ ಕೆಂಪು ಬಾಳೆಹಣ್ಣು ಇದ್ದವು.

ಮುಂದೆ ಸನಾ ಹೋಗುತ್ತಿದ್ದಳು. ಆರು ವರ್ಷದ ಹುಡುಗಿ. ದಾರಿಯ ಅಂಚಿಗೆ ಜನ ನೋಡಲಿ ಎಂದು ಉಳಿಸಿದ್ದ ಒಂದು ತುಂಡು ರೈಲು ಹಳಿಯ ಮೇಲೆ, ಎರಡೂ ಕೈ ಚಾಚಿ, ಒಂದರ ಮುಂದೊಂದು ಹೆಜ್ಜೆ ಇಡುತ್ತ ನಡೆದಿದ್ದಳು.

ಲೈನು ಎಂದು ಎಲ್ಲರೂ ಕರೆಯುತ್ತಾರೆ, ಆದರೆ ಈಗ ಅಲ್ಲಿ ಲೈನಿಲ್ಲ. ಹಿಂದೆ ಗಣಿಯಿಂದ ನೆಲಕ್ಕೆ ಹಾಸುವ ಪರಸಿ ಕಲ್ಲು ತುಂಬಿಕೊಂಡು ಗೂಡ್ಸ್ ಗಾಡಿ ಬರುತ್ತಿದ್ದ ಹಾದಿ. ಗಾಡಿ ನಿಂತಿತು, ಹಳಿ ಕಿತ್ತರು, ಜಾಲಿ ಬೆಳೆಯಿತು. ಆಮೇಲೆ ಯಾರಿಗೋ ಒಳ್ಳೆಯ ಬುದ್ಧಿ ಬಂದು ಜಾಲಿ ಕಡಿದು, ನೆಲಕ್ಕೆ ಕೆಂಪು ಇಟ್ಟಿಗೆಯಂಥದ್ದು ಹಾಸಿ, ಸಿಮೆಂಟಿನ ಬೆಂಚು ಹಾಕಿ, ಬೇವು ಹೊಂಗೆ ಹಚ್ಚಿ, ವಾಕಿಂಗ್ ಮಾಡುವವರಿಗೆ ಬಿಟ್ಟುಕೊಟ್ಟರು. ಬೆಳಗಾದರೆ ಜೇವರ್ಗಿ ಕಾಲೋನಿಯ ಬೂಟಿನವರು, ಬ್ರಹ್ಮಪುರದ ಚಪ್ಪಲಿಯವರು, ಶಹಾಬಜಾರದ ಬುರಖಾದವರು ಎಲ್ಲ ಅಲ್ಲೇ. ಯಾರು ಯಾರ ಜೋಡಿ ನಡೆದರು, ಯಾಕೆ ನಡೆದರು ಎಂದು ಯಾರೂ ಕೇಳುವುದಿಲ್ಲ. ಸಕ್ಕರೆ ಕಾಯಿಲೆಯವರ ನಡುವೆ ನಡೆಯುವುದಕ್ಕೆ ಕಾರಣ ಬೇಕಾಗುವುದಿಲ್ಲ. ಫರ್ಹೀನ್‌ಗೆ ಬೇಕಾಗಿದ್ದದ್ದೂ ಅಂಥ ಜಾಗವೇ.

ಸನಾ ಅವಳ ಮಗಳು. ಸನಾಗೆ ಅದು ಗೊತ್ತಿರಲಿಲ್ಲ.

ಹುಡುಗಿ ಇನ್ನೂ ಅಂಬೆಗಾಲಿಡುತ್ತಿದ್ದಾಗ ಫರ್ಹೀನ್‌ಗೆ ಕೆಮ್ಮು ಹತ್ತಿತು. ಟಿಬಿ ಎಂದರು. ಕೂಸನ್ನು ದೂರ ಇಡಿ ಎಂದರು. ಗಂಡ, ಮಲಂಗಸಾಬರ ಮಗ ಫುರ್ಕಾನ್, ಅವಳನ್ನು ಕಮಲಾಪುರಕ್ಕೆ, ಅವಳ ತವರಿಗೆ ಬಿಟ್ಟುಬಂದ. ಗುಳಿಗೆ ನುಂಗುತ್ತ, ಜ್ವರದಲ್ಲಿ, ಬದುಕುತ್ತೇನೋ ಇಲ್ಲವೋ ಎಂಬ ಭಯದಲ್ಲಿ ಅವಳು ತಾನೇ ಅಂದಿದ್ದಳು, ಕೂಸು ಅಲ್ಲೇ ಇರಲಿ ಎಂದು. ಗುಣವಾಗಿ ಎದ್ದು ಕೂಡುವಷ್ಟರಲ್ಲಿ ತಲಾಖ್ ಆಗಿತ್ತು, ಫುರ್ಕಾನ್‌ಗೆ ಇನ್ನೊಂದು ನಿಕಾ ಆಗಿತ್ತು, ಸನಾಗೆ ಮಾತು ಬಂದಿತ್ತು, ಮತ್ತು ಅವಳು ಬೇರೊಬ್ಬಳನ್ನು ಅಮ್ಮಿ ಎಂದು ಕರೆಯುತ್ತಿದ್ದಳು. ಆ ಅಮ್ಮಿ ಕೆಟ್ಟವಳಲ್ಲ. ಹುಡುಗಿಯ ತಲೆಗೆ ಎಣ್ಣೆ ಹಚ್ಚಿ ಎಳೆದು ಜಡೆ ಹಾಕುತ್ತಾಳೆ, ಡಬ್ಬಿ ಕಟ್ಟುತ್ತಾಳೆ, ಜ್ವರ ಬಂದರೆ ಎದ್ದು ಕೂಡುತ್ತಾಳೆ. ಬೈಯಲಿಕ್ಕಾದರೂ ಒಂದು ನೆವ ಸಿಗಲಿ ಎಂದು ಫರ್ಹೀನ್ ಎಷ್ಟೋ ಸಲ ಕೆದಕಿ ಕೇಳಿದ್ದುಂಟು. ಸಿಕ್ಕಿರಲಿಲ್ಲ.

ಎಳೇ ಮನಸ್ಸನ್ನು ಎರಡು ಕಡೆ ಎಳೆದಾಡುವುದು ಬೇಡ, ಹುಡುಗಿಗೆ ಏನೂ ಹೇಳಬೇಡಿ ಎಂದು ಅತ್ತೆ ಶಾಹಜಾದಿ ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದಳು. ಮಲಂಗಸಾಬರು ಮನೆಯಲ್ಲಿ ಯಾವ ಅಪ್ಪಣೆಯನ್ನೂ ಮೀರಿದವರಲ್ಲ. ಮೀರುವುದಕ್ಕೆ ಅವರು ಲೈನಿಗೆ ಬರಬೇಕಾಯಿತು. ಡಾಕ್ಟರು ನಡೆಯಲು ಹೇಳಿದ್ದಾರೆಂದು ಐತ್ವಾರ ಮೊಮ್ಮಗಳನ್ನು ಕರೆದುಕೊಂಡು ಹೊರಡುವುದು, ಕಮಲಾಪುರದ ಮೊದಲ ಬಸ್ಸಿಗೆ ಬಂದ ಸೊಸೆ ಅಲ್ಲಿ ಎದುರಾಗುವುದು. ಈಕೆ ಯಾರು ಎಂದು ಹುಡುಗಿ ಮೊದಲ ದಿನವೇ ಕೇಳಿದಾಗ ಮುದುಕರ ಬಾಯಿಗೆ ಬಂದದ್ದು ಖಾಲಾ. ಚಿಕ್ಕಮ್ಮ. ಅಂದಿನಿಂದ ಅವಳು ಕಮಲಾಪುರದ ಖಾಲಾ ಆದಳು.

ಖಾಲಾ ಅನ್ನುವುದೂ ಮನೆಗೆ ಹೋಗಬಾರದಿತ್ತು. ಅದಕ್ಕೆ ಫರ್ಹೀನ್ ಒಂದು ಆಟ ಹೂಡಿದಳು: ಲೈನಿನ ಮೇಲಿನದು ಲೈನಿನ ಮೇಲೇ. ಬಾಳೆಹಣ್ಣು, ಖಾಲಾ, ಖಾಲಾ ಹೇಳಿದ ಕಥೆ, ಒಂದೂ ಗೇಟು ದಾಟಬಾರದು. ಗೇಟಿನ ಹತ್ತಿರದ ನಳದಲ್ಲಿ ಕೈ ಬಾಯಿ ತೊಳೆದು ಮೂಸಿ ನೋಡಿಕೊಂಡು ಹೋಗಬೇಕು, ಯಾಕೆಂದರೆ ದಾದಿಯ, ಅಂದರೆ ಅಜ್ಜಿಯ, ಮೂಗು ಚುರುಕು. ಸನಾ ಆ ಆಟದಲ್ಲಿ ಒಮ್ಮೆಯೂ ಸೋತಿರಲಿಲ್ಲ.

ಇನ್ನೊಂದು ಏರ್ಪಾಡು ಮಲಂಗಸಾಬರದ್ದು. ಮನೆಯಲ್ಲಿ ಎಲ್ಲರದೂ ದಖನಿ ಉರ್ದು. ಹುಡುಗಿಗೆ ಬರುವುದೂ ಅದೇ. ಆದ್ದರಿಂದ ಲೈನಿನ ಮೇಲೆ ದೊಡ್ಡವರ ಮಾತೇನಿದ್ದರೂ ಕನ್ನಡದಲ್ಲಿ. ಗಿರಾಕಿಗಳ ಜೊತೆ ಆಡಿ ಆಡಿ ಮುದುಕರ ಕನ್ನಡ ನುಣುಪಾಗಿತ್ತು. ಫರ್ಹೀನ್ ಹುಟ್ಟಿ ಬೆಳೆದ ಓಣಿಯೇ ಕನ್ನಡದ್ದು, ಪಕ್ಕದ ಮನೆಯ ಪುತಳಾಬಾಯಿಯ ಮಡಿಲಲ್ಲಿ ಕಲಿತದ್ದು. ತೀರ ಭದ್ರವಾದ ಏರ್ಪಾಡು ಎಂದು ಇಬ್ಬರೂ ತಿಳಿದಿದ್ದರು.

“ಇರಾಂಗಿಲ್ಲ ಅಂದ್ರ ಏನ್ರೀ ಮಾಮು?” ಎಂದು ಫರ್ಹೀನ್ ಮಾವನನ್ನು ಕೇಳಿದಳು.

“ಹೈದರಾಬಾದಿಗೆ. ಈಗಿನ ಸೊಸಿ ಅಣ್ಣ ಅಲ್ಲಿ ಎಸಿ ರಿಪೇರಿ ಅಂಗಡಿ ಇಟ್ಟಾನ, ಫುರ್ಕಾನ್‌ಗ ಬಾ ಅಂದಾನ. ಮನಿ ಕೀಲಿ ಹಾಕಿ ಎಲ್ಲಾರೂ ಹೋಗೋದು. ಬೇಸ್ತವಾರ ಸಾಮಾನ ತುಂಬ್ತಾರ.”

“ಬೇಸ್ತವಾರ.”

“ಹೂಂ.”

“ಮತ್ತ ನೀವು ಸುಮ್ನ ಕುಂತ್ರಿ?”

“ನಾ ಏನ್ ಮಾಡಲಿ ಬೇಟಿ. ನನ್ನೂ ಸಾಮಾನಿನಾಗ ತುಂಬ್ಯಾರ.” ನಗಿಸಲು ಹೇಳಿದ್ದು. ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡು ಮತ್ತೆ ಹಾಕಿಕೊಂಡರು.

ಫರ್ಹೀನ್ ದಾರಿಯ ಆ ತುದಿಯ ಕಡೆ ನೋಡಿದಳು. ಅಲ್ಲಿ ಗೇಟು, ಗೇಟಿನಾಚೆ ರಿಂಗ್ ರೋಡು. ಕಮಲಾಪುರದ ಮೇಲೆ ಹೋಗುವ ಹುಮನಾಬಾದಿನ ಬಸ್ಸೊಂದು ಹಾರ್ನ್ ಬಾರಿಸುತ್ತ ಹೋದದ್ದು ಮರಗಳ ಸಂದಿಯಲ್ಲಿ ಕಂಡಿತು.

“ಕೈ ಮಾಡಿದ್ರ ಬಸ್ ಅಲ್ಲೇ ನಿಂದರ್ತದ,” ಎಂದಳು. “ಕರ್ಕೊಂಡು ಹತ್ತಿಬಿಡ್ತೀನಿ. ನೀವು ನೋಡಿಲ್ಲ ಅಂತ ಹೇಳ್ರಿ. ಕೆಳಗ ಬಿದ್ದಿದ್ದೆ, ಎದ್ದು ನೋಡಿದ್ರ ಹುಡುಗಿ ಇರಲಿಲ್ಲ ಅಂತ ಹೇಳ್ರಿ.”

“ಹತ್ತು. ಹತ್ತಿ ಏನ್ ಮಾಡ್ತಿ?”

“ಮನಿಗೆ ಒಯ್ತೀನಿ. ನನ್ನ ಮಗಳನ್ನ ನನ್ನ ಮನಿಗೆ ಒಯ್ಯಾಕ ಯಾರ ಹುಕುಂ ಬೇಕು?”

“ಮಧ್ಯಾಹ್ನ ಊಟದ ಹೊತ್ತಿಗೆ ಫುರ್ಕಾನ್ ಕಮಲಾಪುರದಾಗ ಇರ್ತಾನ. ನಿಮ್ಮಣ್ಣ ತಾರಿಖ್ ಕೈ ಎತ್ತತಾನ, ಇವನೂ ಎತ್ತತಾನ. ಪೊಲೀಸರು ಬರ್ತಾರ. ನಡುವ ಈ ಹುಡುಗಿ ನಿಂತು ಚೀರ್ತದ. ಯಾರನ್ನ ಕರೀತದ ಗೊತ್ತದನ?” ಮಲಂಗಸಾಬರ ದನಿ ಏರಿತು. “ಅಮ್ಮಿ ಅಂತ ಕರೀತದ. ನಿನ್ನಲ್ಲ.”

ಫರ್ಹೀನ್ ಮುಖ ಅತ್ತ ತಿರುಗಿಸಿದಳು. ಹೊಡೆದರೆ ಸಹ ಹಾಗೆ ತಿರುಗುತ್ತಿರಲಿಲ್ಲ.

“ಮಾಫ್ ಮಾಡು ಬೇಟಿ,” ಎಂದರು ಮುದುಕರು, ಅಷ್ಟೇ ಗಟ್ಟಿಯಾಗಿ.

ಹಳಿ ಮುಗಿದಿತ್ತು. ಸನಾ ಕೆಳಗೆ ಹಾರಿ ಓಡುತ್ತ ಹಿಂದಕ್ಕೆ ಬಂದಳು. “ಖಾಲಾ, ಕೇಲಾ ದೇವ್ ನಾ,” ಎಂದು ಚೀಲದ ಬಾಯಿ ಎಳೆದಳು. ಫರ್ಹೀನ್ ಒಂದು ಹಣ್ಣು ಬಿಡಿಸಿ ಕೊಟ್ಟಳು. ಹಣ್ಣು ಮಾರುವ ಪುತಳಾಬಾಯಿ ಪ್ರತಿ ಶನಿವಾರ ಸಂಜೆ ತನ್ನ ಬುಟ್ಟಿಯಲ್ಲಿ ಒತ್ತಿ ಒತ್ತಿ ನೋಡಿ, ಮರುದಿನಕ್ಕೆ ಹದವಾಗುವ ಹಣ್ಣು ತೆಗೆದಿಡುತ್ತಿದ್ದಳು, ಲೈನಿನ ಕೂಸಿಗೆ ಎಂದು. ಸನಾ ಹಣ್ಣು ತೆಗೆದುಕೊಂಡು ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿ, ಮತ್ತೆ ಮುಂದೆ ಓಡಿದಳು.

“ಮಾಮು, ಒಂದೇ ಕೇಳ್ತೀನಿ,” ಎಂದಳು ಫರ್ಹೀನ್. “ಇವತ್ತು ಹೇಳಾಕ ಬಿಡ್ರಿ ನನಗ. ನಾ ನಿನ್ನ ಅಮ್ಮಿ ಅಂತ ಒಂದು ಮಾತು. ಆಮ್ಯಾಗ ಎಲ್ಲಿಗಾದ್ರೂ ಒಯ್ರಿ.”

“ಹೇಳಿದ್ರ ಮನಿಗೆ ಹೋಗಿ ಹೇಳ್ತದ.”

“ಹೇಳಲಿ. ಹೆಂಗೂ ಹೊಂಟೀರಲ್ಲ.”

“ಹೊಂಟ್ರೂ ಈದಿಗೆ ಬರ್ತೀವಿ. ನನ್ನ ಅಕ್ಕ ಇನ್ನೂ ಇಲ್ಲೇ ಅದಾಳ. ಬಂದಾಗ ಒಂದು ಮುಂಜಾನಿ ಲೈನಿಗೆ ಕರ್ಕೊಂಡ್ ಬರ್ತೀನಿ, ಅಲ್ಲಾನ ಆಣಿ. ನೀ ಹೇಳಿಬಿಟ್ಟಿ ಅಂದ್ರ ಅದೂ ಹೋಯ್ತು. ನನ್ನ ಕೈಯಾಗ ಹುಡುಗಿ ಕೊಡಂಗೇ ಇಲ್ಲ ಮತ್ತ.”

“ಈದಿಗೆ ಒಂದು ಮುಂಜಾನಿ.”

“ಏನೂ ಇಲ್ಲದಕ್ಕಿಂತ ಇರಲಿ ಬೇಟಿ.”

“ನೀವು ಎಷ್ಟು ಈದ್ ಇರ್ತೀರಿ ಮಾಮು?”

ಮಲಂಗಸಾಬರು ಕೇಳಿಸಲಿಲ್ಲ ಎಂಬಂತೆ ಕಿವಿಗೆ ಕೈ ಇಟ್ಟುಕೊಂಡರು. ಕೇಳಿಸಿತ್ತು.

ಇಬ್ಬರೂ ನಡೆದರು. ಎದುರಿನಿಂದ ಬಂದವರು ಸಲಾಂ ಅಂದರು, ನಮಸ್ಕಾರ ಅಂದರು, ಮಲಂಗಸಾಬರು ಎಲ್ಲರಿಗೂ ಕೈ ಎತ್ತಿದರು. ಫರ್ಹೀನ್ ಲೆಕ್ಕ ಹಾಕುತ್ತಿದ್ದಳು. ಹೇಳಿದರೆ ಈದ್ ಹೋಗುತ್ತದೆ. ಹೇಳದಿದ್ದರೆ ಹುಡುಗಿ ದೊಡ್ಡವಳಾಗುತ್ತಾಳೆ, ಬಾಳೆಹಣ್ಣು ತರುತ್ತಿದ್ದ ಒಬ್ಬ ಖಾಲಾ ಇದ್ದಳು ಎಂದುಕೊಳ್ಳುತ್ತಾಳೆ, ಆಮೇಲೆ ಅದನ್ನೂ ಮರೆಯುತ್ತಾಳೆ. ಯಾವ ಕಡೆ ತಿರುಗಿದರೂ ಅದೇ ಗೋಡೆ. ಹಳೇ ಕೆಮ್ಮು ಬಂದಂತಾಗಿ ನಿಂತಳು, ಕೆಮ್ಮಲ್ಲ, ಅಳು.

ಹೊತ್ತೇರುತ್ತಿತ್ತು. ಗೇಟು ಕಾಣತೊಡಗಿತು.

“ಏ ಸನಾ, ನೀನೂ ವಾಕಿಂಗ್ ಮಾಡ್ತಿಯೇನ?”

ಕರೆದದ್ದು ಹಸಿರು ಚೂಡಿದಾರದ ಮೇಲೆ ಬಿಳಿ ಬೂಟು ಹಾಕಿಕೊಂಡ ಒಬ್ಬ ಹೆಂಗಸು. ಕಿವಿಯಲ್ಲಿನ ವೈರ್ ಕಿತ್ತು ಕೊರಳಿಗೆ ಹಾಕಿಕೊಳ್ಳುತ್ತ ಹುಡುಗಿಯ ಗಲ್ಲ ಹಿಂಡಿದಳು. ಸನಾಳ ಶಾಲೆಯ ಕನ್ನಡ ಟೀಚರ್, ಪಂಚಶೀಲಾ. ಉರ್ದು ಶಾಲೆಯಿಂದ ಬಿಡಿಸಿ ಸನಾಳನ್ನು ಈ ವರ್ಷವಷ್ಟೇ ಆ ಶಾಲೆಗೆ ಹಾಕಿದ್ದರು.

“ಇಲ್ಲ ಟೀಚರ್, ನಾ ಬಾಳಿಹಣ್ಣ ತಿನ್ನಾಕತ್ತೀನ್ರಿ,” ಎಂದಳು ಸನಾ. “ದಾದಾ ಮಾಡಾಕತ್ತಾರ ವಾಕಿಂಗ್. ಅವರಿಗೆ ಸಕ್ಕರಿ ಅದ ರೀ.”

ಹುಡುಗಿ ಹೇಳಿದ್ದು ಕನ್ನಡದಲ್ಲಿ. ತಡವರಿಸದೆ, ಹುಡುಕದೆ, ಓಣಿಯ ಮಕ್ಕಳು ಆಡುವ ಹಾಗೆ.

“ನಮಸ್ಕಾರ ಅಜ್ಜಾರ. ನಿಮ್ಮ ಮೊಮ್ಮಗಳು ಇಲ್ಲಂದ್ರ ನನ್ನ ಕ್ಲಾಸ್ ನಡಿಯಾಂಗಿಲ್ಲ ನೋಡ್ರಿ,” ಎಂದಳು ಪಂಚಶೀಲಾ. “ಉರ್ದು ಮನಿ ಮಕ್ಕಳಿಗೆ ನಾ ಹೇಳಿದ್ದು ತಿಳೀಲಿಲ್ಲ ಅಂದ್ರ ಇಕೀನೇ ಎದ್ದು ಹೇಳ್ತಾಳ. ಎಲ್ಲಿ ಕಲ್ತಿ ಅಂತ ಕೇಳಿದ್ರ ಹೇಳಂಗಿಲ್ಲ. ಐತ್ವಾರ ಕಲೀತೀನಿ ಅಂತಾಳ. ಬಾಯಿ ಭಾರಿ ಬಿಗಿ ಇಕೀದು.”

“ಏನಂದ್ರಿ?” ಎಂದರು ಮಲಂಗಸಾಬರು.

“ಶ್ಯಾಣ್ಯಾಕಿ ಅದಾಳ ಅಂದೆ ರೀ.” ಪಂಚಶೀಲಾ ಫರ್ಹೀನ್ ಕಡೆ ತಿರುಗಿದಳು. “ಇವರು?”

ಫರ್ಹೀನ್ ಬಾಯಿ ತೆರೆದಳು. ಆದರೆ ಅವಳಿಗಿಂತ ಮೊದಲೇ ಸನಾ ಹೇಳಿದಳು, “ನಮ್ಮ ಖಾಲಾ ರೀ.”

“ಹೌದಾ. ಮೂಗು ಇವರದ್ದೇ ಬಂದದ ನಿನಗ,” ಎಂದು ಟೀಚರ್ ನಕ್ಕು, ವೈರ್ ಕಿವಿಗೆ ಸಿಕ್ಕಿಸಿಕೊಂಡು ಹೊರಟುಹೋದಳು.

ಫರ್ಹೀನ್ ಮಗಳ ಕಡೆ ತಿರುಗಿದಳು. ಎಷ್ಟೊಂದು ಐತ್ವಾರ. ಈ ಕೂಸಿನ ತಲೆಯ ಮೇಲೆ ತಾವಿಬ್ಬರೂ ಆಡದ ಮಾತು ಯಾವುದು?

“ಟೀಚರ್ ಏನಂದ್ರು?” ಮಲಂಗಸಾಬರು ಕೇಳಿದರು.

“ಸನಾಗ ಕನ್ನಡ ಬರ್ತದಂತ.”

“ಬರ್ತದ ಅಂದ್ರ? ಅ ಆ ಇ ಈ?”

“ಎಲ್ಲಾ ಬರ್ತದ ಮಾಮು.”

ಮುದುಕರು ಹಿಂದೆ ಕೈ ಚಾಚಿ ಬೆಂಚು ಹುಡುಕಿ ಕುಳಿತರು. ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಬಹುಶಃ ಆಡಿದ್ದನ್ನೆಲ್ಲ ಹಿಂದಕ್ಕೆ ಆಡಿ ನೋಡುತ್ತಿದ್ದರು. ಈಗ ಸ್ವಲ್ಪ ಹೊತ್ತಿನ ಹಿಂದೆ ಚೀರಿ ಹೇಳಿದ್ದೂ ಅದರಲ್ಲಿ ಇತ್ತು. ಅಮ್ಮಿ ಅಂತ ಕರೀತದ, ನಿನ್ನಲ್ಲ.

ಮುಂದೆ ಒಂದು ಸಣ್ಣ ಸೇತುವೆ, ಕೆಳಗೆ ನಾಲಾ. ಸನಾ ಕಟ್ಟೆಯ ಮೇಲೆ ಎದೆ ಇಟ್ಟು ಬಗ್ಗಿ ನೀರು ನೋಡುತ್ತಿದ್ದಳು. ಫರ್ಹೀನ್ ಹೋಗಿ ಪಕ್ಕದಲ್ಲಿ ಮೊಣಕಾಲೂರಿ ಕೂತಳು. ಕನ್ನಡದಲ್ಲೇ ಕೇಳಿದಳು.

“ಸನಾ. ದಾದಾನೂ ನಾನೂ ಮಾತಾಡೋದು ನಿನಗ ತಿಳೀತದನ?”

ಸನಾ ಹಣ್ಣಿನ ಸಿಪ್ಪೆಯನ್ನು ಇನ್ನೊಂದು ಎಳೆ ಸುಲಿದಳು. “ತಿಳೀತದ ರೀ.”

“ಯಾವಾಗಿಂದ?”

“ಮಳಿ ಬಂದಿತ್ತಲ್ಲ, ನಾವು ಮೂರೂ ಮಂದಿ ಆ ಗಿಡದ ಕೆಳಗ ನಿಂತಿದ್ವಲ್ಲ. ಆವಾಗಿಂದ. ಮೊದಲ ಸ್ವಲ್ಪ ತಿಳೀತಿತ್ತು. ಆಮ್ಯಾಗ ಶಾಲ್ಯಾಗ ಕಲ್ತೆ, ಎಲ್ಲಾ ತಿಳೀತು.”

“ಏನೇನ್ ತಿಳೀತು?”

“ನಿಮಗ ಟಿಬಿ ಆಗಿತ್ತು. ದಾದಿ ಬೈತಾರ ಅಂತ ದಾದಾ ಅಂಜ್ತಾರ. ನಾವು ಬೇಸ್ತವಾರ ಹೈದರಾಬಾದಿಗೆ ಹೋಗ್ತೀವಿ.” ಶಾಲೆಯಲ್ಲಿ ಪಾಠ ಒಪ್ಪಿಸುವವಳಂತೆ ಒಂದೊಂದೇ ಹೇಳಿದಳು. “ನೀವು ನನ್ನ ಬಸ್ಸಿನಾಗ ಒಯ್ತೀನಿ ಅಂದ್ರಿ. ದಾದಾ ಬ್ಯಾಡಂದ್ರು.”

“ಮತ್ತ?”

“ಮತ್ತ ಅದು.”

“ಅದು ಅಂದ್ರ ಏನವ್ವಾ?”

ಸನಾ ಕತ್ತು ಹೊರಳಿಸಿ ಹಿಂದೆ ನೋಡಿದಳು, ಮುಂದೆ ನೋಡಿದಳು. “ಅದೇ,” ಎಂದಳು. “ನೀವು ಯಾರು ಅಂತ.”

ಫರ್ಹೀನ್ ಹುಡುಗಿಯ ಎರಡೂ ತೋಳು ಹಿಡಿದಳು. ಜೋರಾಗಿ ಹಿಡಿದೆನೇನೋ ಎಂದು ಮತ್ತೆ ಬಿಟ್ಟಳು.

“ಗೊತ್ತಿದ್ದೂ ನನಗ ಯಾಕ ಹೇಳಲಿಲ್ಲ?”

“ನೀವೇ ಹೇಳಬಾರದು ಅಂದ್ರಿ.”

“ಮನ್ಯಾಗ ಹೇಳಬಾರದು ಅಂದಿದ್ದೆ. ನನಗ ಹೇಳಬಹುದಿತ್ತು. ನನಗ ಹೇಳಬಹುದು.” ಅವಳ ದನಿ ಒಡೆಯಿತು. “ಒಂದು ಸಲ ಕರಿ ನನ್ನ. ಖಾಲಾ ಬ್ಯಾಡ. ಅದು ಕರಿ. ಒಂದೇ ಒಂದು ಸಲ.”

ಸೇತುವೆಯ ಆಚೆಯಿಂದ ಸೈಕಲ್ಲಿನವನೊಬ್ಬ ಬಂದು ದಾಟಿ ಹೋದ. ಅವನು ಹೋಗುವ ತನಕ ಸನಾ ನೀರನ್ನೇ ನೋಡಿದಳು.

“ಮಂದಿ ಅದಾರ,” ಎಂದಳು.

“ಅವರಿಗೆ ಕೇಳಂಗಿಲ್ಲ. ಕಿವ್ಯಾಗ ಅನ್ನು. ನೋಡು, ಇಲ್ಲಿ.” ಫರ್ಹೀನ್ ತಲೆಯ ಮೇಲಿನ ಓಢಣಿ ಸರಿಸಿ ಕಿವಿ ಹಿಡಿದಳು.

ಸನಾ ಹತ್ತಿರ ಬಂದಳು. ಬಾಳೆಹಣ್ಣಿನ ಉಸಿರು ಫರ್ಹೀನ್‌ಳ ಕೆನ್ನೆಗೆ ತಾಗಿತು. ಆದರೆ ಕಿವಿಯಲ್ಲಿ ಬಂದ ಮಾತು ಬೇರೆ.

“ಬ್ಯಾಡ್ರಿ. ಒಂದು ಸಲ ಅಂದ್ರ ಬಾಯಿಗೆ ಹತ್ತತದ. ಮನ್ಯಾಗೂ ಬಂದುಬಿಡ್ತದ. ಬಂದ್ರ ದಾದಿ ನನ್ನ ಕಳಸಂಗಿಲ್ಲ. ಆಮ್ಯಾಗ ನೀವು ಇರಾಂಗಿಲ್ಲ.”

ಫರ್ಹೀನ್ ಹಾಗೆಯೇ ಕೂತಿದ್ದಳು, ಕಿವಿ ಹಿಡಿದುಕೊಂಡು. ತಾನೇ ಕಲಿಸಿದ ಪಾಠ. ಇಷ್ಟು ಚೆನ್ನಾಗಿ ಕಲಿತಿದ್ದಾಳೆ. ಇನ್ನು ಅದನ್ನು ಅಳಿಸು ಎಂದರೆ ಯಾವ ಬಾಯಿಯಿಂದ ಹೇಳುವುದು? ಅಂದುಬಿಡು, ಹೇಗೂ ಇದು ಕೊನೆಯ ಐತ್ವಾರ ಎಂದು ಹೇಳಬಹುದಿತ್ತು. ಹೇಳಿದ್ದರೆ ಬಹುಶಃ ಹುಡುಗಿ ಅನ್ನುತ್ತಿದ್ದಳು. ಆದರೆ ಅದನ್ನು ಹೇಳಬೇಕಾದರೆ, ಇಷ್ಟು ದಿನ ಆ ಸಣ್ಣ ಬಾಯಿ ಕಟ್ಟಿಕೊಂಡು ಕಾದದ್ದೆಲ್ಲ ಯಾವ ಉಪಯೋಗಕ್ಕೂ ಬರಲಿಲ್ಲ ಎಂದೂ ಹೇಳಬೇಕಾಗಿತ್ತು.

“ಹೈದರಾಬಾದಿನಾಗ ಇಂಥಾ ಲೈನ್ ಅದನ್ರಿ?” ಸನಾ ಕೇಳಿದಳು.

“ಗೊತ್ತಿಲ್ಲವ್ವಾ.”

“ಇರ್ತದ. ಅದು ಭಾಳ ದೊಡ್ಡ ಊರಂತ. ದಾದಾಗ ಹುಡುಕು ಅಂತೀನಿ.” ಸ್ವಲ್ಪ ಯೋಚಿಸಿದಳು. “ಅಲ್ಲೂ ನಾ ಯಾರಿಗೂ ಹೇಳಂಗಿಲ್ಲ. ನೀವು ಬರ್ರಿ. ದೂರದ ಬಸ್ ಇರ್ತದಲ್ಲ, ಅದಕ್ಕ ಬರ್ರಿ.”

ಫರ್ಹೀನ್ ತಲೆ ಆಡಿಸಿದಳು. ಹೂಂ ಎಂದೋ ಇಲ್ಲ ಎಂದೋ ಅವಳಿಗೇ ತಿಳಿಯಲಿಲ್ಲ. ಹುಡುಗಿ ಅದನ್ನು ಹೂಂ ಎಂದೇ ತೆಗೆದುಕೊಂಡಳು. ಮಿಕ್ಕ ಹಣ್ಣು ಬಾಯಿಗೆ ತುರುಕಿಕೊಂಡು, ಸಿಪ್ಪೆಯನ್ನು ಕಸದ ಡಬ್ಬಿಗೆ ಹಾಕಿ, ತಾನಾಗಿಯೇ ಗೇಟಿನ ಹತ್ತಿರದ ನಳಕ್ಕೆ ಓಡಿದಳು. ಮೊಣಕೈ ತನಕ ಉಜ್ಜಿ ಉಜ್ಜಿ ತೊಳೆಯತೊಡಗಿದಳು.

ಮಲಂಗಸಾಬರು ಕಾಲೆಳೆಯುತ್ತ ಬಂದು ಸೇತುವೆಯ ಮೇಲೆ ನಿಂತರು. ಫರ್ಹೀನ್ ಕಟ್ಟೆ ಹಿಡಿದು ಎದ್ದಳು.

“ಹೇಳಿದಿ?” ಎಂದರು. ಜೀವನದಲ್ಲಿ ಮೊದಲ ಬಾರಿಗೆ ಅವರ ದನಿ ಸಣ್ಣದಾಗಿತ್ತು.

“ಇಲ್ಲ ಮಾಮು. ಆಕಿಗೆ ಮೊದಲೇ ಗೊತ್ತಿತ್ತು.”

“ಏನಂತಾಳ?”

“ನೀವು ದಾದಿಗೆ ಅಂಜ್ತೀರಂತ.”

ಮಲಂಗಸಾಬರು ಅದಕ್ಕೆ ನಗಲು ನೋಡಿದರು. ಮುಖ ಒಪ್ಪಲಿಲ್ಲ. “ಮತ್ತ? ನಿನಗ ಏನಂದಳು?”

“ಏನೂ ಅನ್ನಲಿಲ್ಲ ಮಾಮು. ಅನ್ನಂಗಿಲ್ಲ ಅಂದಳು.” ಫರ್ಹೀನ್ ಓಢಣಿಯ ತುದಿಯಿಂದ ಮುಖ ಒತ್ತಿಕೊಂಡಳು. “ನೀವು ನಡೀರಿ. ಹೊತ್ತಾದ್ರ ಮನ್ಯಾಗ ಕೇಳ್ತಾರ.”

“ಬೇಟಿ, ಈದಿಗೆ...”

“ನಡೀರಿ ಮಾಮು.”

ಗೇಟಿನ ಹೊರಗೆ ಮಲಂಗಸಾಬರ ಹಳೇ ಸ್ಕೂಟರು ನಿಂತಿತ್ತು. ಸನಾ ಒದ್ದೆ ಕೈಯಲ್ಲೇ ಮುಂದೆ ಹತ್ತಿ ನಿಂತು ಹ್ಯಾಂಡಲಿನ ನಡುವೆ ಹಿಡಿದುಕೊಂಡಳು. ಮುದುಕರು ಕಿಕ್ ಹೊಡೆದರು. ಚಾಲೂ ಆಗಲಿಲ್ಲ. ವಾಲಿಸಿ ಮತ್ತೆ ಹೊಡೆದರು, ಇಳಿದು ಕಾಲು ಬದಲಿಸಿ ಹೊಡೆದರು, ಅವರ ಟೊಪ್ಪಿಗೆ ಕೆಳಗೆ ಬಿತ್ತು. ಹಿಂದಿನಿಂದ ಬಂದ ದೇವೀಂದ್ರಪ್ಪನವರು ಟೊಪ್ಪಿಗೆ ಎತ್ತಿ ಅವರ ತಲೆಗೆ ಇಟ್ಟು, ಸ್ಕೂಟರಿನ ಹಿಂದೆ ನಿಂತರು. ಒಬ್ಬರಿಂದ ಅದು ಅಲುಗಲಿಲ್ಲ. ಫರ್ಹೀನ್ ಚೀಲವನ್ನು ಗೇಟಿನ ಕಂಬಕ್ಕೆ ಆನಿಸಿ ಇಟ್ಟು, ಬುರಖಾದ ತೋಳು ಮೇಲೇರಿಸಿ, ಅವರ ಪಕ್ಕದಲ್ಲಿ ನಿಂತು ಎರಡೂ ಕೈ ಕೊಟ್ಟು ತಳ್ಳಿದಳು. ಸ್ಕೂಟರು ನಿಧಾನಕ್ಕೆ ಉರುಳಿತು, ಇಳಿಜಾರು ಸಿಕ್ಕಿತು, ಎರಡು ಸಲ ಕೆಮ್ಮಿ, ಹೊಗೆ ಉಗುಳಿ, ಹತ್ತಿಕೊಂಡಿತು. ದೇವೀಂದ್ರಪ್ಪ ಅಲ್ಲೇ ನಿಂತುಬಿಟ್ಟರು. ಅವಳು ಮಾತ್ರ ಸ್ಕೂಟರು ಕೈಬಿಟ್ಟು ಹೋದಮೇಲೂ ಅದೇ ಓಟದಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋದಳು.